ಬಾಂದುಕಲ್ಲಿನಿಂದ ಜಿಪಿಎಸ್‌ವರೆಗೆ: ಹಾವೇರಿಯ ಲೆಕ್ಕ

ಒಂದು ಸಣ್ಣ ಪ್ರಶ್ನೆ. 1991ರ ಜನಗಣತಿಯ ಸಮಯದಲ್ಲಿ ಹಾವೇರಿ ಜಿಲ್ಲೆಯ ಜನಸಂಖ್ಯೆ ಎಷ್ಟಿತ್ತು?

ಥಟ್ಟನೆ ಗೂಗಲ್ ಮಾಡಬೇಡಿ :-) ಪ್ರಶ್ನೆಯಲ್ಲೇ ಒಂದು ಕೊಕ್ಕೆ ಇದೆ. 1991ರಲ್ಲಿ ಹಾವೇರಿ ಜಿಲ್ಲೆಯೇ ಇರಲಿಲ್ಲ! ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ, ಗದಗ ಜಿಲ್ಲೆಗಳನ್ನು ಮಾಡಿದ್ದು 1997ರಲ್ಲಿ. ಆದರೂ 2001ರ ಜನಗಣತಿಯಲ್ಲಿ ಜಿಲ್ಲೆಗೆ 14,39,116 ಜನ ಅಂತ ಲೆಕ್ಕ ಸಿಕ್ಕಾಗ, ಹತ್ತು ವರ್ಷದಲ್ಲಿ ಎಷ್ಟು ಬೆಳೆಯಿತು ಅನ್ನೋದನ್ನೂ ಕೊಟ್ಟರು. ಇಲ್ಲದ ಜಿಲ್ಲೆಯ ಹಳೇ ಲೆಕ್ಕ ಎಲ್ಲಿಂದ ಬಂತು? ಹಳೆಯ ತಾಲ್ಲೂಕು, ಹಳ್ಳಿಗಳ ಅಂಕಿಗಳನ್ನು ಹೊಸ ಗಡಿಯೊಳಗಿಟ್ಟು ಮತ್ತೆ ಕೂಡಿಸಿದರು, ಅಷ್ಟೆ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದರೆ ಹಳ್ಳಿ ಅನ್ನೋದು ಟೇಬಲ್ಲಿನ ಒಂದು ಸಾಲು, ಜಿಲ್ಲೆ ಅನ್ನೋದು ಬರೀ ಗ್ರೂಪ್ ಬೈ.

ಅಂದರೆ ದೇಶದ ಯಾವ ಅಂಕಿ ಅಂಶ ತೆಗೆದುಕೊಂಡರೂ ಅದರ ಹಿಂದೆ ಒಂದು ನಕ್ಷೆ ಇದ್ದೇ ಇರುತ್ತದೆ. ಆ ನಕ್ಷೆಯ ಕಥೆಯನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಮೂಲಕ ನೋಡೋಣ ಅಂತ ಈ ಬರಹ.

ನಮ್ಮ ಕಡೆ ಜಾಗಕ್ಕೂ ಸಂಖ್ಯೆಗೂ ಇರುವ ನಂಟು ಬಹಳ ಹಳೆಯದು. ಶಾಸನಗಳಲ್ಲಿ ಬನವಾಸಿ ಪನ್ನಿರ್ಛಾಸಿರ (12000), ಪಾನುಂಗಲ್ಲು ಐನೂರು (ಇವತ್ತಿನ ಹಾನಗಲ್), ಬೆಳ್ವೊಲ ಮುನ್ನೂರು ಅಂತೆಲ್ಲ ಬರುತ್ತದೆ. ಇದು ಹಳ್ಳಿಗಳ ಲೆಕ್ಕವೋ, ಆದಾಯದ ಲೆಕ್ಕವೋ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಏನೇ ಇರಲಿ, ಪ್ರದೇಶದ ಹೆಸರಿನಲ್ಲೇ ಅಂಕಿಯನ್ನು ಸೇರಿಸಿಬಿಟ್ಟವರು ನಮ್ಮ ಹಿರಿಯರು.

ಈಗ ಬಳಸುವ ನಕ್ಷೆಗಳ ಬುನಾದಿ ಬಿದ್ದಿದ್ದು ಬ್ರಿಟಿಷರ ಕಾಲದಲ್ಲಿ. ಧಾರವಾಡ ಸೀಮೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಪುಣೆ ಹತ್ತಿರದ ಇಂದಾಪುರದಲ್ಲಿ 1830ರ ದಶಕದಲ್ಲಿ ಶುರು ಮಾಡಿದ ಕಂದಾಯ ಸರ್ವೆ, 1840ರ ದಶಕದಲ್ಲಿ ನಮ್ಮ ಕಡೆಗೂ ಬಂತು. ಹೊಲಹೊಲಕ್ಕೂ ಸರ್ವೆ ನಂಬರು, ಮೂಲೆಗಳಲ್ಲಿ ಬಾಂದುಕಲ್ಲು, ಊರಿಗೊಂದು ನಕಾಶೆ. ಅಳೆಯೋಕೆ 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1089 ಚದರಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಸೈಟು ಕೊಳ್ಳುವಾಗ ಗುಂಟೆ ಗುಂಟೆ ಅಂತೀವಲ್ಲ, ಆ 1089ರ ಗುಟ್ಟು ಆ ಸರಪಳಿಯಲ್ಲಿದೆ ನೋಡಿ!

ಸರ್ವೆಯ ಉದ್ದೇಶ ಕಂದಾಯ ವಸೂಲಿ. ಆದರೆ ಯಾವ ಹೊಲ ಯಾವ ಊರಿಗೆ ಸೇರಿದ್ದು ಅಂತ ಗೊತ್ತಾದ ಮೇಲೆ ಬೇರೆ ಲೆಕ್ಕಗಳಿಗೂ ಅದೇ ಗಡಿ ಆಧಾರವಾಯಿತು. 1881ರಲ್ಲಿ ದೇಶಾದ್ಯಂತ ಒಟ್ಟಿಗೆ ಜನಗಣತಿ ಆದಾಗ ತುಂಗಭದ್ರೆಯ ಈಚೆ ದಡದ ರಾಣೆಬೆನ್ನೂರಿನವರು ಮುಂಬೈ ಪ್ರಾಂತ್ಯದ ಲೆಕ್ಕಕ್ಕೆ, ಆಚೆ ದಡದ ಹರಿಹರದವರು ಮೈಸೂರಿನ ಲೆಕ್ಕಕ್ಕೆ ಹೋದರು. ಎರಡೂ ದಡ ಒಂದೇ ರಾಜ್ಯಕ್ಕೆ ಬಂದಿದ್ದು 1956ರಲ್ಲಿ.

ಗೊಂದಲ ಮಾತ್ರ ಇವತ್ತಿಗೂ ಇದೆ. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರುವುದು ಕುಮಾರಪಟ್ಟಣದಲ್ಲಿ. ಅದು ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಹರಿಹರ ಇರುವುದು ದಾವಣಗೆರೆ ಜಿಲ್ಲೆಯಲ್ಲಿ. ಬರೀ ಹೆಸರು ನೋಡಿ ಲೆಕ್ಕ ಹಾಕಿದರೆ ಇಡೀ ಕಾರ್ಖಾನೆ ಹೊಳೆ ದಾಟಿಬಿಡುತ್ತದೆ! ಇನ್ನು ಊರ ಹೆಸರುಗಳೋ... ರಾಣೆಬೆನ್ನೂರು ಅಂತಲೂ ಬರೀತಾರೆ, ರಾಣಿಬೆನ್ನೂರು ಅಂತಲೂ ಬರೀತಾರೆ. ಹೆಸರನ್ನು ಪ್ರೈಮರಿ ಕೀ ಮಾಡಿಕೊಂಡವನ ಗತಿ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ 2011ರ ಜನಗಣತಿಯಲ್ಲಿ ಪ್ರತಿ ಹಳ್ಳಿಗೂ ಆರು ಅಂಕಿಯ ಕೋಡ್ ಕೊಟ್ಟರು.

ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್, ಮಾಡುವ ಮೂಲ ಕೆಲಸ ಇದೇ. ಅಂಕಿಯನ್ನು ಹೆಸರಿನ ಬದಲು ಜಾಗಕ್ಕೆ ಅಂಟಿಸುವುದು. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ದೇಶದ ಭೂಮಿಯ ಲೆಕ್ಕಕ್ಕೆ ಇದನ್ನು ಕಟ್ಟಿದ. 1990ರ ಅಮೆರಿಕದ ಜನಗಣತಿಗೆ ಟೈಗರ್ ಎಂಬ ಗಣಕೀಕೃತ ನಕ್ಷೆ ಬಂತು. ನಮ್ಮಲ್ಲಿ 1986ರಲ್ಲಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ಶುರುವಾಯಿತು. ಆದರೂ 2011ರ ಜನಗಣತಿಯಲ್ಲಿ ಹಳ್ಳಿಯ ಓಣಿಗಳನ್ನು ಬರೆದವರು ಸಾಲಿ ಮಾಸ್ತರರೇ! ಹಾಳೆಯ ಮೇಲೆ ಕೈಯಲ್ಲೇ ನಕ್ಷೆ. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ವಾಸಕ್ಕಲ್ಲದ ಕಟ್ಟಡವಾದರೆ ಒಳಗೆ ಗೆರೆ. ಹಾವೇರಿ ಜಿಲ್ಲೆಯ 15,97,668 ಜನರ ಲೆಕ್ಕ ಅಂಥ ಹಾಳೆಗಳಿಂದಲೇ ಬಂದದ್ದು.

ಬೆಳೆ ಲೆಕ್ಕದಲ್ಲಿ ಕಥೆ ಇನ್ನೂ ಸೂಕ್ಷ್ಮ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು (ನಮ್ಮ ಕಡೆ ಉತಾರ ಅಂತೀವಿ) ಕಂಪ್ಯೂಟರಿಗೆ ಬಂದವು. ಆದರೆ ಬಂದದ್ದು ಅಕ್ಷರ, ನಕಾಶೆ ಅಲ್ಲ. ಹೊಲದಲ್ಲಿ ಗೋವಿನಜೋಳ, ಉತಾರದಲ್ಲಿ ಹತ್ತಿ ಅನ್ನೋದು ಅಪರೂಪವಾಗಿರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಬಂತು, 2020ರಲ್ಲಿ ರೈತರೇ ಮಾಡುವ ಆ್ಯಪ್ ಬಂತು. ಹೊಲದಲ್ಲಿ ನಿಂತು ಫೋಟೋ ತೆಗೆದರೆ ಬೆಳೆಯ ಜೊತೆ ಜಿಪಿಎಸ್ ಗುರುತೂ ಹೋಗುತ್ತದೆ.

ಬ್ಯಾಡಗಿ ಮೆಣಸಿನಕಾಯಿಯನ್ನೇ ತಗೊಳ್ಳಿ. ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಚೀಲ ಬರುತ್ತವೆ. ಮಾರುಕಟ್ಟೆಯ ಆವಕ ನೋಡಿ ಬ್ಯಾಡಗಿ ತಾಲ್ಲೂಕಿನ ಬೆಳೆ ಅಂದಾಜು ಮಾಡಿದರೆ ಪೂರ್ತಿ ತಪ್ಪು. ಎಷ್ಟು ಮಾರಿತು ಅನ್ನೋದು ಒಂದು ನಕ್ಷೆ, ಎಲ್ಲಿ ಬೆಳೆಯಿತು ಅನ್ನೋದು ಇನ್ನೊಂದು.

ಇದೆಲ್ಲ ಯಾಕೆ ಮುಖ್ಯ ಅಂತೀರಾ? ದುಡ್ಡಿನ ಪ್ರಶ್ನೆ ಸ್ವಾಮಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ವಿಮೆಯ ಘಟಕ. ಪಂಚಾಯಿತಿಯ ಒಳಗೆ ಬೆಳೆಯೊಂದಕ್ಕೆ ಕನಿಷ್ಠ 4 ಕಡೆ ಕಟಾವು ಪ್ರಯೋಗ ಮಾಡಿ, ಸಣ್ಣ ತಾಕುಗಳ ಇಳುವರಿಯಿಂದ ಇಡೀ ಪಂಚಾಯಿತಿಯ ಸರಾಸರಿ ತೆಗೆಯುತ್ತಾರೆ. ಈಗ ಒಂದೇ ಬದುವಿನ ಆಚೆ ಈಚೆ ಇಬ್ಬರು ರೈತರನ್ನು ಕಲ್ಪಿಸಿಕೊಳ್ಳಿ. ಒಂದೇ ಮಳೆ, ಒಂದೇ ಬೀಜ, ಒಂದೇ ನಷ್ಟ. ಆದರೆ ಬದುವಿನ ಮೇಲೆ ಪಂಚಾಯಿತಿ ಗಡಿ ಹಾದು ಹೋಗಿದ್ದರೆ ಒಬ್ಬನಿಗೆ ಪರಿಹಾರ ಬಂದು ಇನ್ನೊಬ್ಬನಿಗೆ ಬಾರದೇ ಹೋಗಬಹುದು. ಆ ಗೆರೆಯ ಮೂಲ ಹುಡುಕಿದರೆ ಹಲವು ಕಡೆ ಸಿಗುವುದು ಅದೇ ಹಳೇ ಸರಪಳಿ, ಅದೇ ಬಾಂದುಕಲ್ಲು. ಹಳೆಯ ಹಾಳೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಒಂದಿಷ್ಟು ಸರಿದರೂ ಪಕ್ಕದವರ ಹೊಲಕ್ಕೆ ನಮ್ಮ ನಂಬರು ಬಿದ್ದುಬಿಡುತ್ತದೆ. ಕಂಪ್ಯೂಟರ್ ಹಳೇ ತಪ್ಪನ್ನು ತಾನಾಗಿ ತಿದ್ದುವುದಿಲ್ಲ, ದಶಾಂಶದ ಆರು ಸ್ಥಾನದವರೆಗೆ ಅಚ್ಚುಕಟ್ಟಾಗಿ ತೋರಿಸುತ್ತದೆ ಅಷ್ಟೆ!

ಹಾಗಂತ ಹೊಸ ವಿಧಾನ ಬೇಡ ಅಂತ ನಾನು ಹೇಳುತ್ತಿಲ್ಲ. ಆಫೀಸಿನಲ್ಲಿ ಕೂತು ಬರೆದ ಉತಾರಕ್ಕಿಂತ ಹೊಲದಲ್ಲಿ ನಿಂತು ತೆಗೆದ ಫೋಟೋ ಖಂಡಿತ ಮೇಲು. ಅದರ ಜೊತೆ ಗಡಿಯೂ ಸರಿಯಿರಬೇಕು, ಸರಿಯಿಲ್ಲದಿದ್ದರೆ ರೈತ ಕೇಳಿ ತಿದ್ದಿಸಿಕೊಳ್ಳುವ ದಾರಿಯೂ ಇರಬೇಕು.

2021ರ ಜನಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. 2025ರ ಜೂನ್ 16ರ ಅಧಿಸೂಚನೆ ಪ್ರಕಾರ ಮುಂದಿನ ಗಣತಿಗೆ ನಮ್ಮ ಕಡೆ 2027ರ ಮಾರ್ಚ್ 1 ಲೆಕ್ಕದ ದಿನ. ಮಾಸ್ತರರ ಹಾಳೆಯ ಜಾಗಕ್ಕೆ ಮೊಬೈಲು, ಕಟ್ಟಡಗಳಿಗೆ ಜಿಯೋಟ್ಯಾಗ್. ಗಣತಿಗೆ ಮುಂಚೆ ಊರು, ತಾಲ್ಲೂಕುಗಳ ಗಡಿ ಬದಲಿಸೋಕೆ ಕೊಟ್ಟಿದ್ದ ಗಡುವು 2025ರ ಡಿಸೆಂಬರ್ 31. 2011ರ ನಂತರ ಹಿರೇಕೆರೂರಿನಿಂದ ಒಡೆದು ಆದ ರಟ್ಟೀಹಳ್ಳಿ ತಾಲ್ಲೂಕಿಗೆ ಇದು ಮೊದಲ ಜನಗಣತಿ. ಅದರ 2011ರ ಜನಸಂಖ್ಯೆ ಎಷ್ಟು ಅಂತ ಯಾರಾದರೂ ಕೇಳಿದರೆ... ಉತ್ತರ ಹುಡುಕುವ ದಾರಿ ಈಗ ನಿಮಗೆ ಗೊತ್ತಲ್ಲ :-)

ನಿಮ್ಮ ಊರಿನ ಹಳೇ ನಕಾಶೆ ಸಿಕ್ಕರೆ ಒಮ್ಮೆ ನೋಡಿ. ಗಡಿ ವಿಚಾರದಲ್ಲಿ ಇಂಥ ಸೋಜಿಗಗಳು ಕಂಡರೆ ತಪ್ಪದೇ ತಿಳಿಸಿ.