ಬ್ಯಾಡಾದ ಈ-ಮೇಲಿಗೆ ಬಾಗಲಾ ಹಾಕಿದ ಕತಿ

ಲಾಟರಿ ಹತ್ತೇದ, ಸಾಲ ಕೊಡ್ತೀವಿ ಅಂತ ಬರೋ ಈ-ಮೇಲ್ ನಾವೆಲ್ಲಾರೂ ಒರಸಿ ಒಗೀತೀವಿ. ಇದಕ್ಕ ಸ್ಪ್ಯಾಮ್ ಅಂತಾರ. ನಮ್ಮ ಕಣ್ಣಿಗೆ ಬೀಳೋದು ಸ್ವಲ್ಪೇ ನೋಡ್ರಿ. ಭಾಳಷ್ಟು ಹೊರಗಿಂದ ಹೊರಗ ವಾಪಸ್ ಹೋಗಿರ್ತಾವ. ಹಂಗ ತಡಿಯೋ ಪಟ್ಟಿ ಹೆಂಗ ಹುಟ್ಟಿತು ಅಂತ ಇವತ್ತು ಬರೀತೀನಿ.

1978ರ ಮೇ ತಿಂಗಳದಾಗ ಅಮೆರಿಕಾದ ಡಿಇಸಿ ಕಂಪನಿಯ ಗ್ಯಾರಿ ಟರ್ಕ್ ಅನ್ನೋರು ತಮ್ಮ ಕಂಪ್ಯೂಟರಿನ ಜಾಹೀರಾತು ಒಮ್ಮೆಲೇ ನೂರಾರು ಮಂದಿಗೆ ಕಳಿಸಿದ್ರು. ಮಂದಿ ಸಿಟ್ಟಾದ್ರು. ಅಂಚೆ ಕಾಗದಕ್ಕಾದ್ರ ಕಳಿಸೋರು ಸ್ಟ್ಯಾಂಪ್ ಹಚ್ಚಬೇಕು. ಈ-ಮೇಲಿಗೆ ಹಂಗಿಲ್ಲ, ಲಕ್ಷ ಕಳಿಸಿದ್ರೂ ಖರ್ಚು ಅಷ್ಟಕ್ಕಷ್ಟೇ. ಭಾರ ಎಲ್ಲಾ ಇಳಿಸಿಕೊಳ್ಳೋ ಸರ್ವರಿನವರಿಗೆ. ಅದಕ್ಕ ಇಂಟರ್ನೆಟ್ ಬೆಳದಂಗ ಈ ಕಾಟಾನೂ ಬೆಳೀತು.

1997ರಾಗ ಕ್ಯಾಲಿಫೋರ್ನಿಯಾದ ಪಾಲ್ ವಿಕ್ಸಿ ಮತ್ತವರ ಗೆಳೆಯರು ಕಾಟ ಕೊಡೋ ಕಂಪ್ಯೂಟರುಗಳ ಪಟ್ಟಿ ಶುರು ಮಾಡಿದ್ರು. ಸಂಸ್ಥೆ ಹೆಸರು ಮ್ಯಾಪ್ಸ್. ಸ್ಪ್ಯಾಮ್ ಅನ್ನೋದರ ಇಂಗ್ಲಿಷ್ ಅಕ್ಷರ ಹಿಂದಮುಂದ ಮಾಡಿದ್ದು! ಪ್ರತಿ ಕಂಪ್ಯೂಟರಿಗೂ ಫೋನ್ ನಂಬರಿನಂಥಾ ವಿಳಾಸ ಇರ್ತದ. 192.0.2.5 ಅನ್ನೋ ವಿಳಾಸದಿಂದ ಈ-ಮೇಲ್ ಬಂದ್ರ ನಮ್ಮ ಸರ್ವರ್ ಅದನ್ನ ತಿರುವಿ, 5.2.0.192 ಪಟ್ಟಿಯೊಳಗ ಅದ ಏನು ಅಂತ ಕೇಳ್ತದ. 127.0.0.2 ಅಂತ ಉತ್ತರ ಬಂದ್ರ ಪಟ್ಟಿಯೊಳಗ ಅದ ಅಂತ ತಿಳೀಬೇಕು. ಕಾಗದ ಒಡದು ಓದೋದರೊಳಗ ಬಾಗಲಾ ಬಂದ್.

1998ರಾಗ ಲಂಡನ್ನಿನ ಸ್ಟೀವ್ ಲಿನ್‌ಫೋರ್ಡ್ ಸ್ಪ್ಯಾಮ್‌ಹೌಸ್ ಕಟ್ಟಿದ್ರು. ಪಟ್ಟಿಗೆ ಸೇರಿದ ಒಂದು ಅಮೆರಿಕನ್ ಕಂಪನಿ ಅವರ ಮ್ಯಾಲೆ ಕೋರ್ಟಿಗೆ ಹೋತು. 2006ರಾಗ 1 ಕೋಟಿ 17 ಲಕ್ಷ ಡಾಲರ್ ಕೊಡ್ರಿ ಅಂದ ಕೋರ್ಟು, ಮೇಲ್ಮನವಿ ಆಗಿ 2011ರಾಗ ಬರೇ 3 ಡಾಲರಿಗೆ ಬಂದು ನಿಂತಿತು!

ಹಂಗಂತ ಪಟ್ಟಿ ಇಟ್ಟವರೆಲ್ಲಾ ದೇವರಲ್ಲ. ಒಂದೇ ಸರ್ವರಿನ್ಯಾಗ ನೂರು ಮಂದಿ ಇದ್ರ, ಒಬ್ಬನ ಉಪದ್ರಕ್ಕ ಎಲ್ಲಾರ ಪತ್ರಾನೂ ವಾಪಸ್. ಚಾಳದಾಗಿನ ಒಬ್ಬ ಜಗಳಗಂಟನಿಂದ ಚಾಳಕ್ಕೆಲ್ಲಾ ಕೆಟ್ಟ ಹೆಸರು ಬಂದಂಗ. 2003ರಾಗ ಓಸಿರುಸಾಫ್ಟ್ ಅನ್ನೋ ಪಟ್ಟಿ ದಾಳಿಗೆ ಸಿಕ್ಕು ಮುಚ್ಚುವಾಗ, ಯಾವ ವಿಳಾಸ ಕೇಳಿದ್ರೂ "ಹೌದು, ಪಟ್ಟಿಯೊಳಗ ಅದ" ಅಂದುಬಿಡ್ತು. ಅದನ್ನೇ ನಂಬಿದವರಿಗೆ ನೌಕರಿ ಪತ್ರ, ಮಕ್ಕಳ ಪತ್ರ ಎಲ್ಲಾ ನಿಂತು ಹೋದ್ವು.

ಆದ್ರೂ ನನಗ ಈ ಪದ್ಧತಿಯೊಳಗ ಒಂದು ಹಿಡಸ್ತದ. ಬಾಗಲದಾಗ ತಿರುಗಿಸಿ ಕಳಿಸಿದ್ರ, ಕಳಿಸಿದ ಸಾಚಾ ಮನಷ್ಯಾಗ "ನಿಮ್ಮ ಪತ್ರ ಮುಟ್ಟಿಲ್ಲ" ಅಂತ ಸುದ್ದಿ ಹೋಗ್ತದ. ಆತ ಕೇಳಿ, ಹೆಸರು ತಗಸಿಕೋಬಹುದು. ಒಳಗ ಕರಕೊಂಡು ಸದ್ದಿಲ್ಲದ ಮೂಲಿಗೆ ಒಗದ್ರ ಇಬ್ಬರಿಗೂ ಗೊತ್ತಾಗೂದಿಲ್ಲ. ಬ್ಯಾಡ ಅನ್ನೋದಿದ್ರ ಬಾಗಲದಾಗ, ಮಾರಿ ನೋಡಿ ಹೇಳೋದು ಛಲೋ.