ದೋಣಿ ದಾಟಬಹುದು, ಗಾಳ ದಾಟುವಂತಿಲ್ಲ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಉದ್ಯೋಗದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ನನಗೊಂದು ಪ್ರಶ್ನೆ ಕಳಿಸಿದ. ಬೇಸಿಗೆಯಲ್ಲಿ ಗೆಳೆಯರೊಡನೆ ಸಗನಗ ಎಂಬ ಸರೋವರಕ್ಕೆ ಹೋಗಿ, ಒಂದು ದಿನವಿಡೀ ದೋಣಿಯಲ್ಲಿ ಸುತ್ತಿ, ಮೀನು ಹಿಡಿದು ಬರುವುದು ಅವನ ಯೋಜನೆ. ಆ ಸರೋವರದ ನಡುವೆಯೇ ಅಮೆರಿಕ-ಕೆನಡಾ ಗಡಿ ಹಾದುಹೋಗುತ್ತದೆ. 'ಸರ್, ದೋಣಿ ಅಮೆರಿಕದ ನೀರಿನಲ್ಲಿದೆ, ಗಾಳ ಬಿದ್ದದ್ದು ಕೆನಡಾದ ನೀರಿನಲ್ಲಿ ಎಂದಿಟ್ಟುಕೊಳ್ಳಿ. ಮೀನು ಯಾರದು?' ಎಂದು ಕೇಳಿದ್ದ. ಭೌತವಿಜ್ಞಾನದ ಮೇಷ್ಟರಿಗೆ ಕೇಳುವ ಪ್ರಶ್ನೆ ಇದಲ್ಲ. ಆದರೂ ಉತ್ತರ ಹುಡುಕಹೊರಟ ನಾನು 1783ರವರೆಗೂ ಹಿಂದಕ್ಕೆ ಹೋಗಬೇಕಾಯಿತು. ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಸ್ಥಳದ ಪರಿಚಯ ಮಾಡಿಕೊಳ್ಳೋಣ. ಸುಪೀರಿಯರ್ ಮಹಾಸರೋವರದ ಪಶ್ಚಿಮಕ್ಕೆ, ಅಮೆರಿಕದ ಮಿನೆಸೋಟ ರಾಜ್ಯ ಹಾಗೂ ಕೆನಡಾದ ಒಂಟಾರಿಯೊ ಪ್ರಾಂತ್ಯಗಳ ನಡುವೆ, ಭೂಮಿಯ ಅತಿ ಪ್ರಾಚೀನ ಶಿಲೆಗಳ ಪೈಕಿ ಒಂದಾದ ಕೆನಡಾ ಶಿಲಾಫಲಕ ಹರಡಿದೆ. ಹಿಮಯುಗದ ಹಿಮನದಿಗಳು ಈ ಗಟ್ಟಿ ಬಂಡೆಯನ್ನು ಕೆತ್ತಿ ಸಾವಿರಾರು ತಗ್ಗುಗಳನ್ನು ಮಾಡಿದವು. ಹಿಮ ಕರಗಿದಾಗ ಅವು ಸರೋವರಗಳಾದವು. ಅಮೆರಿಕದ ಕಡೆ ಸುಮಾರು 4,400 ಚದರ ಕಿಮೀ ವಿಸ್ತಾರದ 'ಬೌಂಡರಿ ವಾಟರ್ಸ್' ವನ್ಯಪ್ರದೇಶವಿದೆ. ಕೆನಡಾದ ಕಡೆ ಅದಕ್ಕಿಂತ ತುಸು ದೊಡ್ಡದಾದ ಕ್ವೆಟಿಕೊ ಉದ್ಯಾನವಿದೆ. ಒಳಗೆ ರಸ್ತೆಗಳಿಲ್ಲ. ಒಂದು ಸರೋವರದ ಕೊನೆ ಮುಟ್ಟಿದಾಗ ದೋಣಿಯನ್ನು ತಲೆಯ ಮೇಲೆ ಹೊತ್ತು, ಕಾಡಿನ ಕಾಲುದಾರಿಯಲ್ಲಿ ನಡೆದು, ಮುಂದಿನ ಸರೋವರಕ್ಕೆ ಇಳಿಯಬೇಕು. ಈ ಕಾಲುದಾರಿಗಳಿಗೆ ಅಲ್ಲಿ 'ಪೋರ್ಟೇಜ್' ಎನ್ನುತ್ತಾರೆ. ನಮ್ಮ ಹರಿಗೋಲಿನಂತೆ ಗುಂಡಗಿರದೆ ಉದ್ದಕ್ಕೂ ಸಪುರವಾಗಿಯೂ ಇರುವ ಅಲ್ಲಿನ ಕನೂ ದೋಣಿ ಹೀಗೆ ಹೊರಲೆಂದೇ ಹಗುರವಾಗಿ ರೂಪುಗೊಂಡದ್ದು. ಭೂರ್ಜ ಮರದ ತೊಗಟೆಯಿಂದ ಅದನ್ನು ಕಟ್ಟುವ ವಿದ್ಯೆ ಆ ನೆಲದ ಮೂಲನಿವಾಸಿಗಳಾದ ಅನಿಶಿನಾಬೆ ಜನರದು.

18ನೆಯ ಶತಮಾನದಲ್ಲಿ ಈ ಜಲಮಾರ್ಗ ಬೀವರ್ ಎಂಬ ಪ್ರಾಣಿಯ ತುಪ್ಪುಳಿನ ವ್ಯಾಪಾರದ ಹೆದ್ದಾರಿಯಾಗಿತ್ತು. ಮಾಂಟ್ರಿಯಲ್‌ನಿಂದ ಬಂದ ಸರಕು ಸುಪೀರಿಯರ್ ದಂಡೆಯ ಗ್ರ್ಯಾಂಡ್ ಪೋರ್ಟೇಜ್‌ನಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಪಿಜನ್ ನದಿಯವರೆಗೆ ಸುಮಾರು 13.6 ಕಿಮೀ ನಡಿಗೆ. ಹೊರುವವನ ಬೆನ್ನಿನ ಮೇಲೆ ಒಂದೊಂದೂ ಸುಮಾರು 41 ಕಿಗ್ರಾಂ ತೂಕದ ಎರಡು ಮೂಟೆಗಳು! ಇನ್ನೂ ಮುಂದೆ, ಸೌತ್ ಲೇಕ್ ಮತ್ತು ನಾರ್ತ್ ಲೇಕ್ ಎಂಬ ಎರಡು ಸರೋವರಗಳ ನಡುವೆ, ಒಂದು ಚಿಕ್ಕ ದಿಬ್ಬ ಸಿಗುತ್ತದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಸುಪೀರಿಯರ್ ಸೇರಿ ಅಟ್ಲಾಂಟಿಕ್ ಮುಟ್ಟುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಉತ್ತರದ ಹಡ್ಸನ್ ಕೊಲ್ಲಿಗೆ ಹೋಗುತ್ತದೆ. ನೀರಿನ ದೃಷ್ಟಿಯಿಂದ ನೋಡಿದರೆ ಇಲ್ಲಿ ನಿಜವಾದ ಗಡಿಯೆಂದರೆ ಈ ದಿಬ್ಬವೇ. ರಾಜಕಾರಣದ ಗಡಿಯಾದರೋ ಇದನ್ನು ಅಡ್ಡಲಾಗಿ ಕತ್ತರಿಸಿಕೊಂಡು ಹೋಗುತ್ತದೆ.

ಆ ಗಡಿ ಹುಟ್ಟಿದ್ದು 1783ರ ಪ್ಯಾರಿಸ್ ಒಪ್ಪಂದದಲ್ಲಿ. ಬ್ರಿಟನ್ನಿನಿಂದ ಅಮೆರಿಕ ಬಿಡುಗಡೆ ಹೊಂದಿದಾಗ ಸಂಧಾನಕಾರರ ಮುಂದಿದ್ದದ್ದು 1755ರಲ್ಲಿ ಜಾನ್ ಮಿಚೆಲ್ ರಚಿಸಿದ ನಕ್ಷೆ. ಗಡಿಯು 'ಲಾಂಗ್ ಲೇಕ್' ಎಂಬ ಸರೋವರದ ಮೂಲಕ ಲೇಕ್ ಆಫ್ ದ ವುಡ್ಸ್ ತಲುಪಬೇಕೆಂದು ಅವರು ಬರೆದರು. ನಕ್ಷೆಯಲ್ಲಿದ್ದ ಲಾಂಗ್ ಲೇಕ್ ಯಾವುದೆಂದು ಸ್ಥಳದಲ್ಲಿ ಹುಡುಕಿದವರಿಗೆ ಗೊತ್ತಾಗಲಿಲ್ಲ. ಒಪ್ಪಂದದಲ್ಲಿ ಹೆಸರಿಸಿದ ಫಿಲಿಪೊ ಎಂಬ ದ್ವೀಪವಂತೂ ಸುಪೀರಿಯರ್ ಸರೋವರದಲ್ಲಿ ಇರಲೇ ಇಲ್ಲ! ಅಳೆಯದೆ ಗೆರೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯದ ವಿದ್ಯಾರ್ಥಿಗಳಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಬ್ರಿಟಿಷರು ದಕ್ಷಿಣದ ಸೇಂಟ್ ಲೂಯಿ ನದಿಯೇ ಗಡಿ ಎಂದರು; ಅಮೆರಿಕನ್ನರು ಉತ್ತರದ ಕಾಮಿನಿಸ್ಟಿಕ್ವಿಯ ನದಿ ಎಂದರು. 1820ರ ದಶಕದಲ್ಲಿ ಎರಡೂ ಕಡೆಯವರು ಸರ್ವೆ ಮಾಡಿದರು. ಬ್ರಿಟಿಷ್ ತಂಡದಲ್ಲಿದ್ದ ಡೇವಿಡ್ ಥಾಂಪ್ಸನ್ ಆ ಕಾಲದ ಶ್ರೇಷ್ಠ ಭೂಮಾಪಕರಲ್ಲಿ ಒಬ್ಬ. ಆದರೂ ಒಮ್ಮತ ಮೂಡಲಿಲ್ಲ. ಕೊನೆಗೆ 1842ರ ವೆಬ್‌ಸ್ಟರ್-ಆಶ್‌ಬರ್ಟನ್ ಒಪ್ಪಂದ ನಡುವಿನ ಪಿಜನ್ ನದಿಯನ್ನು ಆರಿಸಿತು. ಇಲ್ಲಿ ಒಂದು ತೊಡಕಿತ್ತು. ದೋಣಿ ಹೊರುವ ಕಾಲುದಾರಿಗಳು ಗಡಿಯನ್ನು ನೋಡಿ ಹುಟ್ಟಿದವಲ್ಲ; ಕೆಲವು ಈ ದಡದಲ್ಲಿವೆ, ಕೆಲವು ಆ ದಡದಲ್ಲಿವೆ. ಗ್ರ್ಯಾಂಡ್ ಪೋರ್ಟೇಜ್ ಪೂರ್ತಿ ಅಮೆರಿಕದ ಪಾಲಾಯಿತು. ಆದ್ದರಿಂದ ಒಪ್ಪಂದದ ಎರಡನೆಯ ವಿಧಿಯಲ್ಲಿ, ಸುಪೀರಿಯರ್‌ನಿಂದ ಲೇಕ್ ಆಫ್ ದ ವುಡ್ಸ್‌ವರೆಗಿನ ಗಡಿಯುದ್ದದ ಎಲ್ಲ ಜಲಮಾರ್ಗಗಳೂ ರೂಢಿಯಲ್ಲಿರುವ ಪೋರ್ಟೇಜ್‌ಗಳೂ ಎರಡೂ ದೇಶಗಳ ಪ್ರಜೆಗಳಿಗೆ ಮುಕ್ತವಾಗಿರಬೇಕು ಎಂದು ಬರೆದರು. ತುಪ್ಪುಳಿನ ವ್ಯಾಪಾರಿಗಳ ಅನುಕೂಲಕ್ಕಾಗಿ ಬರೆದ ಈ ಮಾತು ಇಂದಿನ ವಿಹಾರಿಗಳಿಗೂ ಅನ್ವಯಿಸುತ್ತದೆ.

ಈ ವಿಧಿಯನ್ನು ಎಚ್ಚರದಿಂದ ಓದಿ. ಅದು ಕೊಟ್ಟದ್ದು ಹಾದುಹೋಗುವ ಹಕ್ಕು ಮಾತ್ರ. ನೀರಿನೊಳಗಿರುವುದನ್ನು ತೆಗೆದುಕೊಳ್ಳುವ ಹಕ್ಕಿನ ಮಾತು ಅದರಲ್ಲಿಲ್ಲ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಅಲ್ಲದೆ ಅವನು ಭಾರತದ ಪ್ರಜೆ. ಆ ವಿಧಿ ಹೇಳುವ 'ಎರಡೂ ದೇಶಗಳ ಪ್ರಜೆಗಳ' ಪೈಕಿ ಸೇರಿದವನೇ ಅಲ್ಲ.

ನೀರಿನ ಮೇಲೆ ಗೆರೆ ಎಲ್ಲಿದೆ ಎಂದು ತಿಳಿಯುವುದಾದರೂ ಹೇಗೆ? 1908ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಂದು ಒಪ್ಪಂದದ ಮೂಲಕ ಗಡಿ ಆಯೋಗವನ್ನು ರಚಿಸಿಕೊಂಡವು. ಸರೋವರಗಳಲ್ಲಿ ಗಡಿಯನ್ನು ಬಾಗುವ ಮಧ್ಯರೇಖೆಯಾಗಿ ಬಿಡದೆ, ತಿರುವು ಬಿಂದುಗಳನ್ನು ಜೋಡಿಸುವ ಸರಳರೇಖೆಗಳ ಸರಣಿಯಾಗಿ ನಿಗದಿಪಡಿಸಲಾಯಿತು. ತಿರುವು ಬಿಂದುಗಳು ನೀರಿನಲ್ಲಿರುವುದರಿಂದ ಅಲ್ಲಿ ಕಲ್ಲು ನೆಡಲಾಗದು. ದಡದ ಗುರುತುಗಳಿಂದ ಕೋನ, ದೂರಗಳನ್ನು ಅಳೆದು ಅವನ್ನು ದಾಖಲಿಸಿದರು. ತ್ರಿಕೋನಮಿತಿ ಬಲ್ಲವನಿಗೆ ಇದು ಸೊಗಸಾದ ಪರಿಹಾರ. ಹುಟ್ಟು ಹಾಕುತ್ತಿರುವವನ ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಪರವಾನಗಿಗಳ ಕಥೆ 1909ರಿಂದೀಚಿನದು. ಆ ಒಂದೇ ವರ್ಷದಲ್ಲಿ ಮೂರು ಸಂಗತಿಗಳು ನಡೆದವು. ಜನವರಿಯಲ್ಲಿ ಗಡಿ ಜಲ ಒಪ್ಪಂದಕ್ಕೆ ಸಹಿ ಬಿದ್ದು, ಅದರಿಂದ ಅಂತರರಾಷ್ಟ್ರೀಯ ಜಂಟಿ ಆಯೋಗ ಹುಟ್ಟಿತು. ಫೆಬ್ರವರಿಯಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸುಪೀರಿಯರ್ ರಾಷ್ಟ್ರೀಯ ಅರಣ್ಯವನ್ನು ಘೋಷಿಸಿದರು. ಏಪ್ರಿಲ್‌ನಲ್ಲಿ ಒಂಟಾರಿಯೊ ಕ್ವೆಟಿಕೊ ಮೀಸಲು ಅರಣ್ಯವನ್ನು ಸ್ಥಾಪಿಸಿತು. 1913ರಲ್ಲಿ ಅದು ಉದ್ಯಾನವಾಯಿತು.

ಇದರ ಬೆಲೆ ತೆತ್ತವರನ್ನು ಹೆಚ್ಚಿನ ಪುಸ್ತಕಗಳು ಮರೆತುಬಿಡುತ್ತವೆ. 1873ರ ಒಪ್ಪಂದದ ಪ್ರಕಾರ ಅನಿಶಿನಾಬೆ ಜನರ ಒಂದು ಗುಂಪಿಗೆ ಈ ಪ್ರದೇಶದಲ್ಲಿ ನೆಲ ಮೀಸಲಾಗಿತ್ತು. ಆ ನೆಲ ಉದ್ಯಾನದೊಳಗೆ ಬಂದದ್ದರಿಂದ 1915ರಲ್ಲಿ ಮೀಸಲನ್ನೇ ರದ್ದುಮಾಡಿ, ಜನರನ್ನು ಹೊರಹಾಕಲಾಯಿತು. 1991ರಲ್ಲಿ ಒಂಟಾರಿಯೊ ಸರ್ಕಾರ ಇದಕ್ಕಾಗಿ ಶಾಸನಸಭೆಯಲ್ಲಿ ಕ್ಷಮೆ ಕೇಳಿತು. ದೋಣಿಯನ್ನೂ ದಾರಿಯನ್ನೂ ಕೊಟ್ಟವರ ವಂಶಸ್ಥರೇ ಮನೆಯಂಗಳಕ್ಕೆ ಕಾಲಿಡಲು ಅನುಮತಿ ಕೇಳಬೇಕಾದ ಸ್ಥಿತಿ ಬಂದದ್ದು ನನಗಂತೂ ಈ ಇತಿಹಾಸದ ಅತ್ಯಂತ ಕಹಿಯಾದ ಭಾಗವಾಗಿ ಕಾಣುತ್ತದೆ.

1925ರಲ್ಲಿ ಎಡ್ವರ್ಡ್ ಬ್ಯಾಕಸ್ ಎಂಬ ಕಾಗದ ಗಿರಣಿಗಳ ಮಾಲೀಕ ಗಡಿ ಸರೋವರಗಳ ಉದ್ದಕ್ಕೂ ಅಣೆಕಟ್ಟುಗಳ ಸಾಲನ್ನೇ ಕಟ್ಟುವ ಯೋಜನೆ ಮುಂದಿಟ್ಟ. ಕೆಲವೆಡೆ ನೀರಿನ ಮಟ್ಟ 80 ಅಡಿಯಷ್ಟು ಏರುವುದಿತ್ತು. ಅರ್ನೆಸ್ಟ್ ಓಬರ್‌ಹೋಲ್ಟ್ಸರ್ ಎಂಬಾತ, ದೋಣಿಯಲ್ಲಿ ಆ ಪ್ರದೇಶವನ್ನೆಲ್ಲ ಸುತ್ತಿ ಬಲ್ಲವನು, ಇದರ ವಿರುದ್ಧ ಹೋರಾಟಕ್ಕೆ ನಿಂತ. 1930ರಲ್ಲಿ ಅಮೆರಿಕದ ಸಂಸತ್ತು ಶಿಪ್‌ಸ್ಟೆಡ್-ನ್ಯೂಟನ್-ನೋಲನ್ ಕಾಯಿದೆ ಮಾಡಿ, ಅಲ್ಲಿನ ಸರ್ಕಾರಿ ಭೂಮಿಯಲ್ಲಿ ದಡದಿಂದ 400 ಅಡಿಯೊಳಗೆ ಮರ ಕಡಿಯುವುದನ್ನೂ ಸಹಜ ನೀರಿನ ಮಟ್ಟ ಬದಲಿಸುವುದನ್ನೂ ತಡೆಯಿತು. 1934ರಲ್ಲಿ ಜಂಟಿ ಆಯೋಗವೂ ಅಣೆಕಟ್ಟುಗಳ ವಿರುದ್ಧ ವರದಿ ಕೊಟ್ಟಿತು.

ಮುಂದಿನ ಗಂಡಾಂತರ ಬಂದದ್ದು ಆಕಾಶದಿಂದ. ಎರಡನೆಯ ಮಹಾಯುದ್ಧದ ಬಳಿಕ ನೀರಿನ ಮೇಲೆ ಇಳಿಯುವ ವಿಮಾನಗಳು ಕಾಡಿನ ನಡುವಿನ ವಿಹಾರಗೃಹಗಳಿಗೆ ಮೀನು ಹಿಡಿಯುವವರನ್ನು ತಂದು ಇಳಿಸತೊಡಗಿದವು. 1949ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಟ್ರೂಮನ್ ಈ ಪ್ರದೇಶದ ಮೇಲೆ, ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ, ವಿಮಾನ ಹಾರಾಟವನ್ನು ನಿರ್ಬಂಧಿಸುವ ಆದೇಶ ಹೊರಡಿಸಿದರು. 1964 ಮತ್ತು 1978ರ ಕಾಯಿದೆಗಳು ರಕ್ಷಣೆಯನ್ನು ಬಿಗಿಗೊಳಿಸಿದವು. ಒಂದು ಗುಂಪಿನಲ್ಲಿ ಹೆಚ್ಚೆಂದರೆ 9 ಜನ, 4 ದೋಣಿ ಎಂಬ ಮಿತಿ ಬಂದದ್ದು ಜನಸಂದಣಿಯಿಂದ. ಅಮೆರಿಕದ ಕಡೆ ಬೇಸಿಗೆಯಲ್ಲಿ ರಾತ್ರಿ ತಂಗುವವರಿಗೆ ಪ್ರವೇಶದ್ವಾರವಾರು ನಿಗದಿತ ಸಂಖ್ಯೆಯ ಪರ್ಮಿಟ್‌ಗಳಿವೆ. ಮೋಟಾರಿಲ್ಲದ ದೋಣಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳುವವರು ಮಾತ್ರ ಪ್ರವೇಶಸ್ಥಳದಲ್ಲೇ ಚೀಟಿಯನ್ನು ತಾವೇ ತುಂಬಿ ಇಟ್ಟುಕೊಂಡರೆ ಸಾಕು, ಶುಲ್ಕವಿಲ್ಲ.

ಇನ್ನು ಮೀನು. ಅಮೆರಿಕದ ನೀರಿನಲ್ಲಿ ಹಿಡಿಯಲು ಮಿನೆಸೋಟದ ಪರವಾನಗಿ ಬೇಕು, ಗೆರೆಯಾಚೆ ಒಂಟಾರಿಯೊದ್ದು. ಒಂದು ಇನ್ನೊಂದಕ್ಕೆ ಬದಲಿಯಾಗದು. ಒಂಟಾರಿಯೊದಲ್ಲಿ ಕಡಿಮೆ ಬೆಲೆಗೆ 'ಸಂರಕ್ಷಣಾ ಪರವಾನಗಿ'ಯೂ ಸಿಗುತ್ತದೆ. ಅದರಲ್ಲಿ ಇಟ್ಟುಕೊಳ್ಳಬಹುದಾದ ಮೀನುಗಳ ಸಂಖ್ಯೆ ಕಡಿಮೆ.

ಮಿತಿಗಳು ಇಷ್ಟು ಬಿಗಿ ಏಕೆ ಎಂಬುದರಲ್ಲಿ ನಮ್ಮ ಶಾಸ್ತ್ರಕ್ಕೂ ಪಾಲಿದೆ. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ ಎಂಬುದು ನಿಮಗೆ ಗೊತ್ತು. ಬೇಸಿಗೆಯಲ್ಲಿ ಬಿಸಿಯಾದ ಹಗುರ ನೀರು ಮೇಲೆ ನಿಲ್ಲುತ್ತದೆ, ತಣ್ಣನೆಯ ಭಾರದ ನೀರು ತಳದಲ್ಲಿ ಉಳಿಯುತ್ತದೆ, ಎರಡೂ ಬೆರೆಯುವುದಿಲ್ಲ. ಲೇಕ್ ಟ್ರೌಟ್ ಎಂಬ ಮೀನಿಗೆ ತಂಪೂ ಬೇಕು, ಆಮ್ಲಜನಕವೂ ಬೇಕು. ಆಳದ ಪದರಕ್ಕೆ ಹೊಸ ಆಮ್ಲಜನಕ ಸೇರುವುದು ಶರತ್ಕಾಲದಲ್ಲಿ ಮೇಲಿನ ನೀರು ತಣಿದು ಸರೋವರವೆಲ್ಲ ಕಲಕಿದಾಗಲೇ. ಬಂಡೆಯ ತಳದ ಈ ನೀರಿನಲ್ಲಿ ಪೋಷಕಾಂಶಗಳೂ ಕಡಿಮೆ. ಹಾಗಾಗಿ ಈ ಮೀನು ನಿಧಾನವಾಗಿ ಬೆಳೆದು, ಮರಿ ಮಾಡುವ ವಯಸ್ಸಿಗೆ ಬರಲು ಆರೇಳು ವರ್ಷ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ. ದೊಡ್ಡ ಮೀನೊಂದು ಹೋದರೆ ಅದರ ಸ್ಥಾನ ತುಂಬಲು ಬಹುಕಾಲ ಬೇಕು.

ಕ್ವೆಟಿಕೊದಲ್ಲಿ ಎದುರುಮುಳ್ಳಿಲ್ಲದ ಗಾಳವನ್ನೇ ಬಳಸಬೇಕು. ಎದುರುಮುಳ್ಳು ಒಂದೇ ದಿಕ್ಕಿಗೆ ಬಿಡುವ ಕೀಲಿನಂತೆ. ಸುಲಭವಾಗಿ ಒಳಹೋಗುತ್ತದೆ, ಹೊರಬರುವಾಗ ಮಾಂಸ ಹರಿಯುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿದರೂ ಆಯಿತು. ಆಗ ಮೀನನ್ನು ಹಿಡಿದಿಡುವುದು ದಾರದ ಎಳೆತ ಮಾತ್ರ. ದಾರ ಸಡಿಲವಾದರೆ ಮೀನು ಪಾರು. ಎರೆಹುಳು, ಜಿಗಣೆ, ಸಣ್ಣ ಮೀನುಗಳನ್ನು ಎರೆಯಾಗಿ ಸಿಕ್ಕಿಸುವುದೂ ಅಲ್ಲಿ ನಿಷಿದ್ಧ. ಎರೆಯ ಡಬ್ಬಿಯ ನೀರಿನಲ್ಲಿ ಹೊರಗಿನ ಜೀವಿಗಳು ಒಂದು ಸರೋವರದಿಂದ ಇನ್ನೊಂದಕ್ಕೆ ಸಾಗಬಹುದು. ಯುರೇಷಿಯ ಮೂಲದ ಮುಳ್ಳುಬಾಲದ ನೀರುಚಿಗಟ ಈಗಾಗಲೇ ಸಗನಗ ಸರೋವರವನ್ನು ಸೇರಿಕೊಂಡಿದೆ. ಅದಕ್ಕೆ ಪಾಸ್‌ಪೋರ್ಟ್ ಕೇಳಿದವರಿಲ್ಲ.

ಕೊನೆಯ ಕಾಗದ ಸುಂಕದ ಇಲಾಖೆಯದು. ಕಾಡಿನಲ್ಲಿ ತಪಾಸಣಾ ಠಾಣೆ ಇಲ್ಲದ್ದರಿಂದ, ಮೊದಲೇ ಅರ್ಜಿ ಹಾಕಿದವರಿಗೆ ಕೆನಡಾ 'ದೂರಪ್ರದೇಶದ ಗಡಿ ದಾಟುವ ಪರ್ಮಿಟ್' ಕೊಡುತ್ತಿತ್ತು. ಅದು ಎರಡು ದೇಶಗಳ ಪ್ರಜೆಗಳು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ ಮೀಸಲು. ಉದ್ಯೋಗ ವೀಸಾದ ಮೇಲಿರುವ ನಮ್ಮ ಹುಡುಗರು ಕೆನಡಾದ ವೀಸಾ ಪಡೆದು, ರಸ್ತೆಯ ಠಾಣೆಯ ಮೂಲಕವೇ ಹೋಗಬೇಕಿತ್ತು. 2017ರಲ್ಲಿ ಕೆನಡಾ ಕಾನೂನು ತಿದ್ದಿ, ದಡ ಮುಟ್ಟದೆ, ಲಂಗರು ಹಾಕದೆ, ಬೇರೆ ದೋಣಿಯ ಸಂಪರ್ಕ ಮಾಡದೆ ತನ್ನ ನೀರಿನಲ್ಲಿ ಬಂದುಹೋಗುವವರಿಗೆ ವರದಿ ಮಾಡುವುದರಿಂದ ವಿನಾಯಿತಿ ನೀಡಿತು. ತೇಲುತ್ತಿದ್ದರೆ ಪ್ರಯಾಣ, ಲಂಗರು ಬಿದ್ದರೆ ಪ್ರವೇಶ! ಮೀನಿನ ಪರವಾನಗಿಗೆ ಈ ವಿನಾಯಿತಿ ಸಂಬಂಧಿಸಿದ್ದಲ್ಲ. ತೇಲುತ್ತ ಗಾಳ ಹಾಕಿದರೂ ಒಂಟಾರಿಯೊದ ಪರವಾನಗಿ ಬೇಕೇ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ದೂರಪ್ರದೇಶದ ಪರ್ಮಿಟ್‌ಗೆ ಹೊಸ ಅರ್ಜಿಗಳ ಪರಿಶೀಲನೆ ನಿಂತಿತು. ಆ ಪದ್ಧತಿಯನ್ನು ಮುಗಿಸಿ, ದೂರವಾಣಿಯ ಮೂಲಕ ವರದಿ ಮಾಡುವ ಏರ್ಪಾಟು ತರುವುದಾಗಿ ಕೆನಡಾ ಆಮೇಲೆ ಪ್ರಕಟಿಸಿತು. ಒಳಗಿನ ಬಹುಪಾಲು ಸರೋವರಗಳಲ್ಲಿ ಮೊಬೈಲ್ ಸಂಕೇತ ಸಿಗುವುದಿಲ್ಲವಾದ್ದರಿಂದ ಹೊರಡುವವರು ಇದನ್ನು ಮನೆಯಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಬರೆದು, ಗಾಳ ಬಿದ್ದ ನೀರು ಯಾರದೋ ಅವರ ಪರವಾನಗಿ ಬೇಕು, ನೀನು ನಕ್ಷೆ ಹಿಡಿದು ದಕ್ಷಿಣಕ್ಕೇ ಇರು ಎಂದೆ. ಅವನು ಹಾಗೆಯೇ ಮಾಡಿದ. ದಿನವಿಡೀ ಅಮೆರಿಕದ ನೀರಿನಲ್ಲೇ ಇದ್ದು ಒಂದೂ ಮೀನು ಸಿಗಲಿಲ್ಲವೆಂದು ಬರೆದ.