ಸ್ಥಳ ಸಂಕೇತಾಂಕ

ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಆಡಳಿತದ ಮೆಟ್ಟಿಲುಗಳಿಗೆ ಅಂಕಿ ಕೊಟ್ಟು, ಒಂದು ಊರಿನ ಮಾಹಿತಿ ಇನ್ನೊಂದು ಊರಿನದರೊಡನೆ ಬೆರೆಯದಂತೆ ಜೋಡಿಸಿಡುವ ಕ್ರಮ. ಹೆಸರೊಂದನ್ನೇ ನಂಬಿದರೆ ಏಕೆ ಸಾಲದು ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಊರುಗಳೇ ಸಾಕ್ಷಿ. ಚಿಂಚೋಳಿ ಎಂಬ ಊರುಗಳು ಮಹಾರಾಷ್ಟ್ರದಲ್ಲಿ ಹಲವಿವೆ. ಶಹಾಬಾದ್ ಹರಿಯಾಣದಲ್ಲೂ ಉತ್ತರ ಪ್ರದೇಶದಲ್ಲೂ ಇದೆ. ವಾಡಿ ನಾಗಪುರದ ಮಗ್ಗುಲಲ್ಲೂ ಉಂಟು. ಸೇಡಂ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ‘ಸೇರಂ’ ಆಗಿತ್ತು. ಗುಲ್ಬರ್ಗ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ಹೆಸರು ಬದಲಾದರೂ ಅಂಕಿ ಹಾಗೆಯೇ ಉಳಿಯುತ್ತದೆ.

ಜನಗಣತಿಯಲ್ಲಿ ಕರ್ನಾಟಕದ ಅಂಕಿ 29. 2001ರಲ್ಲಿ ಜಿಲ್ಲೆಗಳನ್ನು ಆಯಾ ರಾಜ್ಯದೊಳಗೇ ಎಣಿಸಿದ್ದರು. ಆಗ ಗುಲ್ಬರ್ಗ 04. 2011ರಲ್ಲಿ ದೇಶದ 640 ಜಿಲ್ಲೆಗಳಿಗೂ ಒಂದೇ ಸರಣಿಯಲ್ಲಿ ಅಂಕಿ ಬಿತ್ತು. ಗುಲ್ಬರ್ಗಕ್ಕೆ 579, ಅದರಿಂದ ಬೇರ್ಪಟ್ಟ ಯಾದಗಿರಿಗೆ 580. ತಾಲ್ಲೂಕಿಗೆ ಐದಂಕಿ, ಗ್ರಾಮಕ್ಕೆ ಆರಂಕಿ. ಗ್ರಾಮದ ಆರಂಕಿ ದೇಶದಲ್ಲೆಲ್ಲೂ ಮರುಕಳಿಸದ ಕಾರಣ, ಮೇಲಿನ ಜಿಲ್ಲೆಯನ್ನು ಹೇಳದಿದ್ದರೂ ಊರು ಸಿಗುತ್ತದೆ. ಈ ಕ್ರಮದ ದೊಡ್ಡ ಸುಧಾರಣೆ ಇದೇ. 2001ರ ಅಂಕಿಅಂಶವನ್ನು 2011ರದರೊಡನೆ ಹೋಲಿಸುವವರು ಮಾತ್ರ 04 ಮತ್ತು 579 ಒಂದೇ ಎಂದು ತಿಳಿಯಬಾರದು. ಹಳೆಯ 04ರೊಳಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಇದ್ದವು.

ತಾಯಿ ಘಟಕದ ಅಂಕಿಯನ್ನು ಮಗುವಿನ ಅಂಕಿಯೊಳಗೇ ಹೆಣೆದರೆ, ಗಡಿ ಸರಿದಾಗ ಇಡೀ ಸಂಖ್ಯೆಯೇ ಸುಳ್ಳಾಗುತ್ತದೆ. ಶಹಾಬಾದ್ ಚಿತ್ತಾಪುರ ತಾಲ್ಲೂಕಿನಲ್ಲಿತ್ತು. 2017-18ರ ರಾಜ್ಯ ಬಜೆಟ್ಟಿನಲ್ಲಿ ಸಾರಿದ ಹೊಸ ತಾಲ್ಲೂಕುಗಳಲ್ಲಿ ಕಾಳಗಿಯ ಜೊತೆ ಶಹಾಬಾದೂ ಸೇರಿತು. ವಾಡಿ ಚಿತ್ತಾಪುರದಲ್ಲೇ ಉಳಿಯಿತು. ಊರಿನ ಅಂಕಿಯನ್ನು ಮುಟ್ಟದೆ, ‘ಯಾವ ತಾಲ್ಲೂಕು’, ‘ಯಾವ ದಿನಾಂಕದಿಂದ’ ಎಂಬ ಎರಡು ಕಲಮುಗಳನ್ನು ಬೇರೆಯಾಗಿ ಇಟ್ಟುಕೊಂಡಿದ್ದರೆ ಇಂಥ ಬದಲಾವಣೆಗೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಗಣತಿ ನಡುವಿನ ಇಂಥ ಬದಲಾವಣೆಗಳನ್ನು ದಾಖಲಿಸಲೆಂದೇ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಸ್ಥಳೀಯ ಸರ್ಕಾರಗಳ ಕೋಶವೊಂದನ್ನು ನಡೆಸುತ್ತದೆ. ಸಿಮೆಂಟ್ ಕಾರ್ಖಾನೆಯ ವಸಾಹತುಗಳೂ ಇಲ್ಲಿ ಗಮನ ಬೇಡುತ್ತವೆ: ವಾಡಿ ಮತ್ತು ವಾಡಿ ಎಸಿಸಿ, ಶಹಾಬಾದ್ ಮತ್ತು ಶಹಾಬಾದ್ ಎಸಿಸಿ ಗಣತಿಯ ಪಟ್ಟಿಯಲ್ಲಿ ಬೇರೆ ಬೇರೆ ಪಟ್ಟಣಗಳು. ವಾಡಿಯ ಜನಸಂಖ್ಯೆ ಎಷ್ಟು ಎಂದು ಕೇಳುವವರು ಯಾವ ವಾಡಿ ಎಂಬುದನ್ನೂ ಹೇಳಬೇಕು.

ಒಂದೇ ನೆಲದ ಮೇಲೆ ಬೇರೆ ಇಲಾಖೆಗಳ ಶ್ರೇಣಿಗಳೂ ಹಾದಿವೆ, ಅವು ಒಂದಕ್ಕೊಂದು ಹೊಂದುವುದಿಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡಿನಲ್ಲಿ ಚಿತ್ತಾಪುರ 585211, ಸೇಡಂ 585222, ವಾಡಿ 585225, ಚಿಂಚೋಳಿ 585307. ಆದರೆ 585 ಎಂದರೆ ಕಲಬುರಗಿ ಜಿಲ್ಲೆಯೆಂದಲ್ಲ. ಯಾದಗಿರಿಯ, ಬೀದರಿನ ಪತ್ರಗಳಿಗೂ ಅದೇ ಮೂರಂಕಿ. ವಿಧಾನಸಭಾ ಕ್ಷೇತ್ರಗಳಲ್ಲಿ ಚಿತ್ತಾಪುರ 40, ಸೇಡಂ 41, ಚಿಂಚೋಳಿ 42. ಸಾಲಾಗಿಯೇ ಇವೆ, ಆದರೂ ಮೊದಲೆರಡು ಗುಲ್ಬರ್ಗ ಲೋಕಸಭಾ ಕ್ಷೇತ್ರಕ್ಕೆ, ಚಿಂಚೋಳಿ ಬೀದರಿಗೆ. ರೈಲ್ವೆಯಲ್ಲಿ ವಾಡಿ, ಶಹಾಬಾದ್ ಸೊಲ್ಲಾಪುರ ವಿಭಾಗದವು. ಚಿತ್ತಾಪುರ, ಸೇಡಂ ಸಿಕಂದರಾಬಾದಿನವು.

ಕಂದಾಯದ ಶ್ರೇಣಿಯಲ್ಲಿ ತಾಲ್ಲೂಕಿಗೂ ಗ್ರಾಮಕ್ಕೂ ನಡುವೆ ಹೋಬಳಿ ಬರುತ್ತದೆ. ಗಣತಿಯ ಅಂಕಿಯಲ್ಲಿ ಅದಕ್ಕೆ ಜಾಗವಿಲ್ಲ. ‘ಭೂಮಿ’ ತಂತ್ರಾಂಶದಲ್ಲಿ ಪಹಣಿ ತೆಗೆಯುವ ರೈತ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆ ಸರ್ವೆ ನಂಬರಿಗೂ ಹಿಸ್ಸೆಗೂ ಇಳಿಯುತ್ತಾನೆ. ಗಣತಿ ಊರಿನಲ್ಲಿ ನಿಂತರೆ, ಪಹಣಿ ಹೊಲದ ಬದುವಿನವರೆಗೆ ಹೋಗುತ್ತದೆ.